ಅಳಿಸಿದ ಹೆಸರಿಗೆ ಬೆಂದ ಕೋಳಿ

ಹೋಂಸ್ಟೇ ಬುಕ್ಕಿಂಗಿನ ವೆಬ್‌ಸೈಟ್ ನೋಡಿಕೊಳ್ಳುವವಳ ಜೀವನದಲ್ಲಿ ನಗುವಂಥದ್ದು ಏನಿರುತ್ತದೆ ಅಂತ ನಾನೂ ಅಂದುಕೊಂಡಿದ್ದೆ. ಆದರೂ ಆಗಾಗ ಏನಾದರೊಂದು ಆಗೇ ಆಗುತ್ತದೆ. ಆನೇಮಹಲಿನ ಬಾಡಿಗೆ ರೂಮಿನಲ್ಲಿ ಒಬ್ಬಳೇ ಕೂತು ಕೆಲಸ ಮಾಡುತ್ತೇನೆ. ನಕ್ಕರೆ ಕೇಳುವವರಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

೧. ಕೋಳಿ

ಡೇಟಾಬೇಸ್‌ನಲ್ಲಿ ಟೆಂಪರರಿ ಟೇಬಲ್ ಅಂತ ಒಂದು ತಾತ್ಕಾಲಿಕ ಪಟ್ಟಿ ಇದೆ. ರೂಮು ಆರಿಸಿದವರು ಬುಕ್ಕಿಂಗ್ ಪಕ್ಕಾ ಮಾಡುವವರೆಗೆ ಅವರ ಹೆಸರು ಅಲ್ಲಿರುತ್ತದೆ. ಮಾಡದೆ ಹೋದರೆ ಸ್ವಲ್ಪ ಹೊತ್ತಿಗೆ ಅಳಿಸಿಹೋಗಬೇಕು. ಹಾಗೆ ಅಳಿಯುವಂತೆ ನೋಡಿಕೊಳ್ಳುವುದೇ ನನ್ನ ಕೆಲಸ. ತೊಂದರೆಯೆಂದರೆ, ಆ ಹೆಸರು ಹೋಂಸ್ಟೇ ಯಜಮಾನರ ಮೊಬೈಲಿನಲ್ಲೂ ಕಾಣುತ್ತದೆ.

ಬಿಸಿಲೆ ದಾರಿಯ ಯಜಮಾನರೊಬ್ಬರು ಹೆಸರು ಕಂಡ ಕೂಡಲೇ ಕೋಳಿ ಹಿಡಿಸುತ್ತಾರೆ. ಒಂದು ದಿನ ಫೋನ್ ಮಾಡಿದರು.

"ಬರೋರ ಹೆಸ್ರು ಆಗ್ಲೇ ಇತ್ತು, ಈಗಿಲ್ವಲ್ಲವ್ವಾ!"

"ಅದು ಟೆಂಪರರಿ ಯಜಮಾನ್ರೇ, ಅಳಿಸಿಹೋಯ್ತು."

"ಕೋಳಿ ಪರ್ಮನೆಂಟಾಗಿ ಹೋಗ್ಬುಡ್ತಲ್ಲ, ಅದಕ್ಕೇನ್ ಮಾಡ್ಲಿ?"

೨. ಹಾಸಿಗೆ

ಒಮ್ಮೆ ಅಳಿಸುವ ಪ್ರೋಗ್ರಾಂ ಕೆಟ್ಟು ನಿಂತಿತು. ಸುಮ್ಮನೆ ರೂಮು ನೋಡಿ ಹೋದವರ ಹೆಸರೆಲ್ಲ ಟೇಬಲ್‌ನಲ್ಲೇ ಗುಡ್ಡೆಬಿದ್ದವು. ಅಷ್ಟು ಜನ ಬರುತ್ತಾರೆಂದು ಅದೇ ಯಜಮಾನರು ಎಸ್ಟೇಟಿನ ಕೂಲಿ ಲೈನಿನ ಮನೆಮನೆಯಿಂದ ಹಾಸಿಗೆ ಹೊರಿಸಿ ತಂದರು. ಹಂಡೆ ತುಂಬ ಸಾರು, ರಾಶಿ ಕಡುಬು. ಒಬ್ಬರೂ ಬರಲಿಲ್ಲ. ಕೊನೆಗೆ ಹಾಸಿಗೆ ಕೊಟ್ಟವರೇ ಕೂತು ಉಂಡರು. ಹೋಗುವಾಗ ಒಬ್ಬರು ಕೇಳಿದರಂತೆ: "ಊಟ ಚೆನ್ನಾಗಿತ್ತು ಕಣ್ರೀ. ಮದ್ವೆ ಯಾರ್ದು?"

೩. ಪರೀಕ್ಷೆ

ಪ್ರೋಗ್ರಾಂ ಸರಿಮಾಡಿದ ಮೇಲೆ ಪರೀಕ್ಷಿಸಬೇಕಲ್ಲ. ಒಂದು ಭಾನುವಾರ ನನ್ನದೇ ಹೆಸರು ಹಾಕಿ, ಆ ಯಜಮಾನರ ಮನೆಯ ರೂಮು ಆರಿಸಿ, ಕಾಯುತ್ತ ಕೂತೆ. ಹೆಸರು ಸರಿಯಾದ ಹೊತ್ತಿಗೆ ಅಳಿಸಿಹೋಯಿತು. ಖುಷಿಯಾಗಬೇಕಿತ್ತು, ಅಳು ಬಂತು. ನಾನೂ ಹೀಗೇ ಇಲ್ಲವಾದರೆ ಯಾರಿಗೂ ಗೊತ್ತಾಗುವುದಿಲ್ಲ ಅನ್ನಿಸಿತು. ಬೆಳಗಿನ ಅನ್ನಕ್ಕೆ ಮೊಸರು ಕಲಸುತ್ತಿದ್ದಾಗ ಯಜಮಾನರ ಫೋನು.

"ಇನ್ನೂ ಹೊರಟಿಲ್ವೇನವ್ವಾ?"

"ಅಯ್ಯೋ, ಅದು ಪರೀಕ್ಷೆಗೆ ಹಾಕಿದ್ದು. ಅಳಿಸಿಹೋಯ್ತಲ್ಲ!"

"ನಿನ್ ಕಡೆ ಅಳಿಸೈತೆ. ಇಲ್ಲಿ ಕೋಳಿ ಬೇಯ್ತಾ ಐತೆ. ಗುರುತಿರೋರ ಹೆಸ್ರು ಇದೇ ಮೊದ್ಲು ಬಂದಿದ್ದು ಅಂತ ನಮ್ಮನೇವ್ಳು ಹುಂಜನೇ ಕುಯ್ಸವ್ಳೆ. ಜೀಪು ಕಳ್ಸಿವ್ನಿ, ಸುಮ್ನೆ ಹತ್ಕೊಂಡ್ ಬಾ."

ಹೋದೆ. ಸಾಕು ಅಂದರೂ ಬಡಿಸಿದರು, ಸಾಕು ಅನ್ನುವುದನ್ನೇ ಬಿಟ್ಟೆ.

ಈಗ ಪ್ರತಿ ಭಾನುವಾರ ತಪ್ಪದೆ ಪರೀಕ್ಷೆ ಮಾಡುತ್ತೇನೆ. ಮೊನ್ನೆ ಭಾನುವಾರ ವೆಬ್‌ಸೈಟ್ ಕಂಪನಿಯವರು ಫೋನ್ ಮಾಡಿ, "ರಜಾದಿನಾನೂ ಟೆಸ್ಟಿಂಗ್ ಮಾಡೋರನ್ನ ನಾವು ನೋಡೇ ಇಲ್ಲ ಮೇಡಂ," ಎಂದು ಹೊಗಳಿದರು. ಬಾಯ್ತುಂಬ ಕಡುಬಿತ್ತು, ಹೂಂ ಅಂದೆ.