ಖಾರ ತಿಂದ ಇಂಜಿನ್

ಕೆಲವರಿಗೆ ಹಳೆಯ ವಸ್ತುಗಳೆಂದರೆ ಪ್ರಾಣ. ನನಗೆ ಆ ಕಾಯಿಲೆ ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನನ್ನ ಹತ್ತಿರ ಒಂದು ಹಳೆಯ ಲಾರಿ ಇದೆ ಎಂದು ಗೊತ್ತಾದವರೆಲ್ಲ ನನ್ನನ್ನು ದೊಡ್ಡ ರಸಿಕನೆಂದುಕೊಳ್ಳುತ್ತಾರೆ. ನಾನು ರಸಿಕನಲ್ಲ, ಶಾಮಿಯಾನದವನು. ಶಿವಮೊಗ್ಗದ ವಿದ್ಯಾನಗರದಲ್ಲಿ ಶಾಮಿಯಾನ, ಕುರ್ಚಿ, ಅಡುಗೆ ಪಾತ್ರೆಗಳನ್ನು ಬಾಡಿಗೆಗೆ ಕೊಡುವ ಅಂಗಡಿ ನನ್ನದು. ಮದುವೆಯೋ ವೈಕುಂಠ ಸಮಾರಾಧನೆಯೋ, ಸುಖದುಃಖಗಳಲ್ಲಿ ನಾನು ಭೇದ ಮಾಡುವವನಲ್ಲ. ಕುರ್ಚಿ ಎಷ್ಟು ಬೇಕು ಎಂದಷ್ಟೇ ಕೇಳುತ್ತೇನೆ. ಸಾಮಾನು ಹೊರಲು ಲಾರಿ ಬೇಕಿತ್ತು, ಹರಾಜಿನಲ್ಲಿ ಒಂದು ಸಿಕ್ಕಿತು. ಈಗಿನ ಲಾರಿಗಳ ಹಾಗೆ ಚಪ್ಪಟೆ ಮುಖದ್ದಲ್ಲ. ಮೂತಿ ಮುಂದಕ್ಕೆ ಚಾಚಿಕೊಂಡು, ಆ ಮೂತಿಯೊಳಗೆ ಇಂಜಿನ್ ಇಟ್ಟುಕೊಂಡ ಹಳೆಯ ಕಾಲದ್ದು. ಹರಾಜಿನಲ್ಲಿ ನನ್ನನ್ನು ಬಿಟ್ಟು ಬೇರೆ ಯಾರೂ ಬಾಯಿ ತೆರೆಯಲಿಲ್ಲ. ಅದನ್ನು ನನ್ನ ಅದೃಷ್ಟವೆಂದು ತಿಳಿದು ಅಂದು ಮನೆಗೆ ಮೈಸೂರುಪಾಕು ಕೊಂಡೊಯ್ದೆ.

ವರ್ಷಗಟ್ಟಲೆ ಅದು ದುಡಿಯಿತು. ಈಚೆಗಂತೂ ಮದುವೆಗೆ ಮುಂಚೆಯೇ ಫೋಟೊ ತೆಗೆಸಿಕೊಳ್ಳುವ ಜೋಡಿಗಳು ಬಂದು ಅದರ ಮೂತಿಗೆ ಒರಗಿ ನಿಲ್ಲುತ್ತಿದ್ದವು. ಹಾಗೆ ನಿಂತವರು ನಾಚಿಕೆಗಾದರೂ ಶಾಮಿಯಾನವನ್ನು ನನ್ನಲ್ಲಿಯೇ ಹೇಳಿಹೋಗುತ್ತಿದ್ದರು. ಹೀಗಿರುವಾಗ ಒಂದು ಬೆಳಿಗ್ಗೆ, ಮದುವೆ ಊಟದ ಹಂಡೆ, ಕೊಳಗ, ಬಾಣಲೆಗಳನ್ನೆಲ್ಲ ಹೊತ್ತು ಆಲ್ಕೊಳ ಸರ್ಕಲ್ಲಿನ ಹತ್ತಿರ ಬರುತ್ತಿದ್ದಾಗ ಮೂತಿಯೊಳಗೆ ಬಂಡೆ ಒಡೆದಂಥ ಸದ್ದಾಯಿತು. ನಮ್ಮ ಡ್ರೈವರ್ ರುದ್ರೇಶ ಇಳಿದು ಬಗ್ಗಿ ನೋಡಿ, "ಅಣ್ಣ, ಇಂಜಿನ್ನಿನ ಒಳಗಿರಬೇಕಾದ್ದು ಹೊರಗೆ ಬಂದಿದೆ" ಎಂದ. ಒಳಗಿನ ರಾಡು ಇಂಜಿನ್ನಿನ ಪಕ್ಕೆ ಒಡೆದುಕೊಂಡು ಈಚೆಗೆ ಇಣುಕುತ್ತಿತ್ತು. ಹಂಡೆಗಳು ಆಟೋಗಳಲ್ಲಿ ಮದುವೆ ಮನೆಗೆ ಹೋದವು. ಒಂದೊಂದು ಹಂಡೆಯೂ ಆಟೋದಲ್ಲಿ ಬೀಗರ ಹಾಗೆ ಕೂತುಕೊಂಡು ಬಂದದ್ದನ್ನು ನೋಡಿ ಅಡುಗೆ ಭಟ್ಟರು ನನಗೆ ಹೇಳಿದ ಮಾತನ್ನು ಇಲ್ಲಿ ಬರೆಯುವ ಹಾಗಿಲ್ಲ.

ಲಾರಿಯ ವೈದ್ಯ ಮೆಕ್ಯಾನಿಕ್ ಬಾಷಾ. ತನ್ನ ತೀರ್ಪಿನ ಮೇಲೆ ಅವನಿಗೆ ಅಪಾರ ನಂಬಿಕೆ. ಆ ತೀರ್ಪು ತಪ್ಪಾದಾಗಲೂ ನಂಬಿಕೆ ಕದಲುವುದಿಲ್ಲ. ಅವನು ಟಾರ್ಚ್ ಬಿಟ್ಟು ನೋಡಿ, "ಬಿಲ್ಕುಲ್ ಖತಂ ರಾಜಣ್ಣ. ರಿಂಗು, ಬೇರಿಂಗು ಹೋಗಿದ್ರೆ ಬಿಚ್ಚಿ ಕಟ್ಟಬಹುದಿತ್ತು. ಇದರ ಪಕ್ಕೆಯೇ ಹೋಗಿದೆ. ಇದೇ ಥರದ ಇನ್ನೊಂದು ಇಂಜಿನ್ ತನ್ನಿ, ಹೊಸದು ಮಾಡಿ ಕೂರಿಸ್ತೀನಿ" ಎಂದ. "ಈಗಿನ ಇಂಜಿನ್ ಹಾಕೋಕೆ ಆಗಲ್ವಾ?" ಎಂದೆ. "ಆಗುತ್ತೆ. ಮೂತಿ ಕತ್ತರಿಸಬೇಕು" ಎಂದ. ಮೂತಿ ಕತ್ತರಿಸಿದ ಮೇಲೆ ಅದಕ್ಕೆ ಯಾವ ಜೋಡಿ ಒರಗುತ್ತದೆ?

ಮನೆಯಲ್ಲಿ ನನ್ನ ಹೆಂಡತಿ ಸರೋಜ ವಿಷಯವನ್ನು ಒಂದೇ ವಾಕ್ಯದಲ್ಲಿ ಮುಗಿಸಿದಳು. "ಗುಜರಿಗೆ ಹಾಕಿ, ಒಂದು ಸಣ್ಣ ಹೊಸ ಗಾಡಿ ತಗೊಳ್ಳಿ." ಅಂಗಡಿಯ ಬುದ್ಧಿ ಅವಳದು, ಗಂಟಲು ನನ್ನದು. ಸಾಲುಗಟ್ಟಲೆ ಬಣ್ಣದ ದೀಪ ಇಡೋಣ ಎಂದವಳು ಅವಳು. ಸದ್ದು ಮಾಡದ ಒಳ್ಳೆಯ ಜನರೇಟರ್ ಕೊಳ್ಳೋಣ ಎಂದವಳೂ ಅವಳೇ. ಅವಳ ಮಾತು ಕೇಳಿ ನಾನು ಕೆಟ್ಟದ್ದಿಲ್ಲ. ಆದ್ದರಿಂದ "ಹಾಗೇ ಮಾಡೋಣ, ಒಳ್ಳೆ ಗಿರಾಕಿ ಬರಲಿ" ಎಂದು ಒಪ್ಪಿಕೊಂಡು, ಮಾರನೆಯ ದಿನದಿಂದ ಗುಟ್ಟಾಗಿ ಇಂಜಿನ್ ಹುಡುಕಲು ಹೊರಟೆ. ಅಂಗಡಿಯ ಮುಂದೆ ಲಾರಿ ಬಾಯಿ ತೆರೆದುಕೊಂಡು ನಿಂತಿರುವುದನ್ನು ನೋಡಿದಾಗಲೆಲ್ಲ, ಜ್ವರ ಬಂದ ದನವನ್ನು ಕಟುಕನಿಗೆ ಕೊಟ್ಟ ಹಾಗೆ ಆಗುತ್ತಿತ್ತು, ಅಷ್ಟೇ.

ಇಂಜಿನ್ ಹುಡುಕುವುದು ಹೆಣ್ಣು ಹುಡುಕುವುದಕ್ಕಿಂತ ಕಷ್ಟ. ಹೆಣ್ಣಿನ ಕಡೆಯವರು ಇಲ್ಲದ್ದನ್ನು ಇಲ್ಲ ಎಂದಾದರೂ ಹೇಳುತ್ತಾರೆ. ಗುಜರಿಯವರ ಬಾಯಲ್ಲಿ ಇಲ್ಲ ಎಂಬ ಪದವೇ ಇಲ್ಲ. ಕಬ್ಬಿಣದ ಊರಿನಲ್ಲಿ ಸಿಗದ ಕಬ್ಬಿಣವೇ ಎಂದು ಭದ್ರಾವತಿಗೆ ಹೋದೆ. ಅಲ್ಲಿ ಒಬ್ಬರು "ಅದೇ ಇಂಜಿನ್ನು, ಅಣ್ಣತಮ್ಮ ಇದ್ದ ಹಾಗೆ" ಎಂದು ಟ್ರಾಕ್ಟರಿನದನ್ನು ತೋರಿಸಿದರು. ಇನ್ನೊಬ್ಬರು ತೋರಿಸಿದ್ದು ಇಂಜಿನ್ನೇ ಅಲ್ಲ, ಯಾವುದೋ ಪಂಪು; ಅದಕ್ಕೂ "ತಿರುಗುತ್ತಲ್ಲ ಸಾರ್, ಮತ್ತೇನು ಬೇಕು?" ಎಂಬ ಸಮರ್ಥನೆ. ಕೊನೆಗೆ ಗುಜರಿಯ ಮುದುಕರೊಬ್ಬರು ಬೀಡಿ ಆರಿಸಿ ಒಂದು ದಾರಿ ತೋರಿಸಿದರು. "ಇಲ್ಲೇ ಜನ್ನಾಪುರದಲ್ಲಿ ಒಂದು ಖಾರದ ಪುಡಿ ಗಿರಣಿ ಇದೆ. ಕರೆಂಟ್ ಹೋದ್ರೆ ಅದನ್ನ ಲಾರಿ ಇಂಜಿನ್‌ನಲ್ಲಿ ಓಡಿಸ್ತಾರೆ. ಹೋಗಿ ಕಿವಿಗೊಡಿ."

ಹೋದೆ. ಹಾಳು ಕರೆಂಟು ಹೋಗಲೇ ಇಲ್ಲ. ಬಸ್ ಸ್ಟಾಪಿನಲ್ಲಿ ಕೂತು ಕರೆಂಟು ಹೋಗಲಿ ಎಂದು ಬೇಡಿಕೊಂಡ ಮೊದಲ ಮನುಷ್ಯ ನಾನೇ ಇರಬೇಕು. ಮಧ್ಯಾಹ್ನದ ಹೊತ್ತಿಗೆ ದೇವರು ಕಣ್ಣುಬಿಟ್ಟ. ಎದುರಿನ ಅಂಗಡಿಯ ಫ್ಯಾನು ನಿಂತಿತು. ಸ್ವಲ್ಪ ಹೊತ್ತಿಗೆ ಓಣಿಯೊಳಗಿಂದ ಒಂದು ಸದ್ದು ಬಂತು. ನಮ್ಮ ಲಾರಿಯ ಸದ್ದಿನಲ್ಲಿ ನಡುನಡುವೆ ಊಟವಾದ ಮೇಲೆ ಹಿರಿಯರು ಗಂಟಲು ಸರಿಮಾಡಿಕೊಂಡಂಥ ಒಂದು ಕೆಮ್ಮು ಇತ್ತು. ಆ ಕೆಮ್ಮು ಇಲ್ಲಿಯೂ ಇತ್ತು. ನನಗೆ ಕಣ್ಣಲ್ಲಿ ನೀರು ಬಂತು. ಅರ್ಧ ಸಂತೋಷಕ್ಕೆ, ಅರ್ಧ ಮೆಣಸಿನ ಘಾಟಿಗೆ.

ಗಿರಣಿಯ ಒಡತಿ ಪಳನಿಯಮ್ಮ. ತಲೆಗೆ ಟವೆಲು ಕಟ್ಟಿಕೊಂಡು, ಹುಬ್ಬಿನ ತನಕ ಕೆಂಪು ಪುಡಿ ಮೆತ್ತಿಸಿಕೊಂಡು ನಿಂತಿದ್ದ ಗಟ್ಟಿ ಹೆಂಗಸು. ಲಾರಿ ಓಡಿಸುತ್ತಿದ್ದ, ಈಗಿಲ್ಲದ ಗಂಡ, ಲಾರಿಯ ಮೈ ತುಕ್ಕು ತಿಂದ ಮೇಲೆ ಇಂಜಿನ್ನನ್ನು ಬಿಚ್ಚಿ ಗಿರಣಿಯ ಹಿಂದೆ ಸಿಮೆಂಟು ಕಟ್ಟೆಗೆ ಬಿಗಿದುಕೊಟ್ಟಿದ್ದರಂತೆ. ನಾನು ಬಂದ ಕಾರಣ ಹೇಳಿದೆ. ಅವರು ನನ್ನ ಕೈ ನೋಡಿದರು. "ಮೆಣಸಿನಕಾಯಿ ಎಲ್ಲಿ ಸಾಮಿ?" "ಇಲ್ಲ, ನಾನು ಇಂಜಿನ್..." "ಇಲ್ಲಿ ಇಂಜಿನ್ ಮಾರೋದಿಲ್ಲ. ಖಾರ ಬೀಸೋದು. ಬೀಸೋಕೆ ಇರೋರು ಮಾತ್ರ ಲೈನಲ್ಲಿ ನಿಂತ್ಕೊಳ್ಳಿ."

ಮುಂದಿನ ಸಲ ಮೆಣಸಿನಕಾಯಿ ತೆಗೆದುಕೊಂಡು ಹೋದೆ. ಬೀಸಿಕೊಟ್ಟರು, ಮಾತು ಬೆಳೆಯಲಿಲ್ಲ. ಅದರ ಮುಂದಿನ ಸಲ ಕೊತ್ತಂಬರಿ ಬೀಜ. ಆಮೇಲೆ ಅರಿಶಿನದ ಕೊಂಬು. ಗಿರಣಿಯಲ್ಲಿ ನಾನೊಬ್ಬನೇ ಗಂಡಸು ಗಿರಾಕಿ. ಲೈನಿನಲ್ಲಿದ್ದ ಹೆಂಗಸರು ನನ್ನ ಮನೆಯಲ್ಲಿ ಹೆಣ್ಣುದಿಕ್ಕಿಲ್ಲವೆಂದು ತಿಳಿದು ಸಾರಿನ ಪುಡಿಯ ಅಳತೆ ಹೇಳಿಕೊಟ್ಟರು. ಪುಡಿಗಳನ್ನು ಅಂಗಡಿಯ ಅಟ್ಟದಲ್ಲಿ, ಶಾಮಿಯಾನದ ಬಟ್ಟೆಗಳ ಹಿಂದೆ ಬಚ್ಚಿಟ್ಟೆ. ಅದು ತುಂಬಿದ ಮೇಲೆ ಸ್ವಲ್ಪ ಸ್ವಲ್ಪವಾಗಿ ಮನೆಯ ಡಬ್ಬಿಗಳಿಗೆ ಸುರಿದೆ. ಅಡುಗೆಮನೆಯಲ್ಲಿ ಖಾರದ ಪುಡಿ ಖರ್ಚಾದಷ್ಟೂ ಹೆಚ್ಚುವುದನ್ನು ಗಮನಿಸಿದ ಸರೋಜ ಮೊದಲು ಪವಾಡವೆಂದುಕೊಂಡಳೋ ಏನೋ. ಆದರೆ ಅದೇ ವಾರ ಪಕ್ಕದ ಮನೆಯವರು, "ನಿಮ್ಮೋರು ಜನ್ನಾಪುರದ ಬಸ್ಸಲ್ಲಿ ಚೀಲ ತೊಡೆ ಮೇಲೆ ಇಟ್ಕೊಂಡು ಕೂತಿದ್ರಲ್ಲ" ಎಂದುಬಿಟ್ಟಿದ್ದರು.

ಊಟಕ್ಕೆ ಕೂತಾಗ ಕೇಳಿದಳು. "ಜನ್ನಾಪುರದಲ್ಲಿ ಯಾರಿದ್ದಾರೆ?"

ಗಾಬರಿಯಲ್ಲಿ ನಿಜವೇ ಬಾಯಿಗೆ ಬರುತ್ತದೆ. "ಪಳನಿಯಮ್ಮ" ಎಂದೆ.

ಸಾರಿನ ಸೌಟು ಗಾಳಿಯಲ್ಲಿ ನಿಂತಿತು. ಆಮೇಲೆ ಉಳಿದದ್ದೆಲ್ಲವನ್ನೂ ಹೇಳಿದೆ. ಅಟ್ಟದ ಚೀಲಗಳನ್ನೂ ತೋರಿಸಿದೆ. ಅವಳು ಬೈಯಲಿಲ್ಲ, ಬೈದಿದ್ದರೆ ಸುಖವಾಗಿತ್ತು. "ಗುಜರಿಗೆ ಹಾಕ್ತೀನಿ ಅಂತ ನಂಗೆ ಹೇಳಿ, ಬೇರೆ ಹೆಂಗಸಿನ ಹತ್ರ ಹೋಗಿ ಇಂಜಿನ್ ಕೊಡಿ ಅಂತ ಕೇಳ್ತಿದ್ರಾ? ಬೇಕು ಅಂತ ನನ್ನ ಹತ್ರ ಹೇಳೋಕೆ ಬಾಯಿರಲಿಲ್ವಾ ಮಾರಾಯ್ರೆ?" ಎಂದಳಷ್ಟೇ. ಮಾರನೆಯ ದಿನ ಅವಳೂ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಕಿಟಕಿಯ ಕಡೆ ಮುಖಮಾಡಿಕೊಂಡು ಕೂತಿದ್ದಳು.

ಗಿರಣಿಯಲ್ಲಿ ಸರೋಜ ಕೇಳಿದ್ದು ನಾನು ಅಷ್ಟು ಸಲ ಹೋಗಿಯೂ ಕೇಳದಿದ್ದ ಪ್ರಶ್ನೆ. "ಯಾಕೆ ಕೊಡಲ್ಲಮ್ಮ? ಯಜಮಾನರ ನೆನಪಿಗಾ?"

ಪಳನಿಯಮ್ಮ ನಕ್ಕುಬಿಟ್ಟರು. "ಅವರ ನೆನಪಿಗೆ ಅವರ ಮಕ್ಕಳಿದ್ದಾವೆ, ಸಾಕಾಗಿದೆ. ಹಬ್ಬದ ಮುಂಚೆ ಕರೆಂಟು ಹೋಗುತ್ತೆ ತಾಯಿ. ಆವಾಗ ಊರೆಲ್ಲ ನನ್ನ ಬಾಗಿಲಲ್ಲಿ. ಇದು ಇಲ್ಲಾಂದ್ರೆ ಅವರೆಲ್ಲ ಬೇರೆ ಗಿರಣಿಗೆ ಹೋಗ್ತಾರೆ. ಒಂದ್ಸಲ ಹೋದವರು ತಿರುಗಿ ಬರಲ್ಲ."

"ಅಂದ್ರೆ ನಿಮಗೆ ಬೇಕಾಗಿರೋದು ಕರೆಂಟು, ಇಂಜಿನ್ ಅಲ್ಲ" ಎಂದಳು ಸರೋಜ. ಸ್ವಲ್ಪ ಹೊತ್ತು ಹಿತ್ತಲಲ್ಲಿ ಕಟ್ಟೆಯ ಮೇಲಿದ್ದ ಇಂಜಿನ್ನನ್ನೂ ಅದರ ಪಕ್ಕದಲ್ಲಿ ನಿಂತಿದ್ದ ನನ್ನನ್ನೂ ನೋಡಿದಳು. "ನಮ್ಮ ಹತ್ರ ಜನರೇಟರ್ ಇದೆ. ತಗೊಂಡು ಇದನ್ನ ಕೊಡಿ."

ಆ ಜನರೇಟರ್ ನಮ್ಮ ಅಂಗಡಿಯ ಲಕ್ಷ್ಮಿ. ಸರೋಜ ಅದಕ್ಕೆ ಆಯುಧಪೂಜೆಯಲ್ಲಿ ಲಾರಿಗಿಂತ ದೊಡ್ಡ ಹಾರ ಹಾಕುತ್ತಿದ್ದಳು. ಅವಳನ್ನು ಪಕ್ಕಕ್ಕೆ ಕರೆದು "ಏನ್ ಹೇಳ್ತಿದ್ದೀಯ ಗೊತ್ತಾ?" ಎಂದು ಪಿಸುಗುಟ್ಟಿದೆ. "ಗೊತ್ತು. ಲಾರಿ ಸತ್ತಾಗಿನಿಂದ ನೀವು ಅಂಗಡಿಲಿ ಗಟ್ಟಿಯಾಗಿ ಮಾತಾಡಿದ್ದು ನಾನು ಕೇಳಿಲ್ಲ. ಗಿರಾಕಿ ಬಂದ್ರೆ ಕುರ್ಚಿ ಎಷ್ಟು ಅಂತಾನೂ ಕೇಳಲ್ಲ. ಅದೂ ಅಲ್ದೆ, ಇನ್ನು ಪುಡಿ ಇಡೋಕೆ ಮನೇಲಿ ಡಬ್ಬ ಇಲ್ಲ" ಎಂದಳು. ಮೊದಲ ಎರಡು ಮಾತಿಗೆ ನಾನು ಅವಳ ಕೈ ಹಿಡಿಯಲು ಹೋದೆ. ಮೂರನೆಯದಕ್ಕೆ ಕೈ ಹಿಂದಕ್ಕೆ ಬಂತು.

ಜನರೇಟರಿನಿಂದ ಗಿರಣಿಯ ಮೋಟರು ಏಳುವುದೇ ಇಲ್ಲ ಎಂದು ಬಾಷಾ ಆಣೆ ಮಾಡಿ ಹೇಳಿದ. ಎದ್ದಿತು. ಎದ್ದೇಳುತ್ತದೆಂದು ತನಗೆ ಮೊದಲೇ ಗೊತ್ತಿತ್ತು ಎಂದೂ ಅವನೇ ಹೇಳಿದ. ಇಂಜಿನ್ ಬಿಚ್ಚಿದಾಗ ಬೋಲ್ಟಿನ ಸಂದಿಸಂದಿಯಲ್ಲೂ ಖಾರ. ಬಿಚ್ಚುವವನು ಒಂದು ನಟ್ಟಿಗೊಂದು ಸೀನು ಸೀನಿದ. ಭದ್ರಾವತಿಯ ಲೇತ್ ಅಂಗಡಿಯಲ್ಲಿ ಒಳಮೈ ಸಾಣೆ ಹಿಡಿಸಿ, ಹೊಸ ರಿಂಗು, ಬೇರಿಂಗು ಹಾಕಿಸಿ, ಶಿವಮೊಗ್ಗಕ್ಕೆ ತಂದು ಮೂತಿಯೊಳಗೆ ಇಳಿಸಿದೆವು. ಸೀಮೆಎಣ್ಣೆಯಲ್ಲಿ ತೊಳೆದದ್ದಕ್ಕೆ ಲೆಕ್ಕವಿಲ್ಲ. "ಈಗ ಮಗುವಿನ ತೊಟ್ಟಿಲ ಥರ ಸಾಫ್" ಎಂದ ಬಾಷಾ.

ಮೊದಲ ಓಟಕ್ಕೆ ರುದ್ರೇಶ, ಬಾಷಾ, ನಾನು ಮುಂದೆ ಕೂತೆವು. ಇಂಜಿನ್ ಮೊದಲ ಸಲಕ್ಕೇ ಸ್ಟಾರ್ಟ್ ಆಯಿತು. ಅಂಗಡಿಯ ಮೆಟ್ಟಿಲ ಮೇಲೆ ನಿಂತಿದ್ದ ಸರೋಜಳ ಕಡೆ ನಾನು ಮಂತ್ರಿಯಂತೆ ಕೈಬೀಸಿದೆ. ಆಲ್ಕೊಳ ಸರ್ಕಲ್ ಹತ್ತಿರವಾಗುವ ಹೊತ್ತಿಗೆ ಇಂಜಿನ್ ಚೆನ್ನಾಗಿ ಕಾದಿತ್ತು. ಎಲ್ಲೋ ಒಳಮೂಲೆಯಲ್ಲಿ ಉಳಿದಿದ್ದ ಪುಡಿ ಒಗ್ಗರಣೆಗೆ ಬಿದ್ದ ಹಾಗೆ ಸಿಡಿದು, ಫ್ಯಾನಿನ ಗಾಳಿ ಅದನ್ನು ನೇರವಾಗಿ ನಮ್ಮ ಮೂಗಿಗೆ ತಂದಿತು. ಮೊದಲು ಬಾಷಾ ಸೀನಿದ. ಆಮೇಲೆ ನಾನು. ರುದ್ರೇಶ ಸೀನಿದಾಗ ಲಾರಿಯೂ ಸೀನಿದಂತೆ ಕುಲುಕಿ ಸರ್ಕಲ್ಲಿನ ಮಧ್ಯೆ ನಿಂತಿತು. ಪೊಲೀಸರು ಬಂದು ಕಿಟಕಿಗೆ ಮುಖವಿಟ್ಟು "ಏನ್ರೀ ಇದು, ಲೈಸೆ..." ಎಂದವರು ವಾಕ್ಯ ಮುಗಿಸಲಾಗದೆ ಸೀನುತ್ತ, ಕೈಯಲ್ಲೇ ಹೋಗಿ ಹೋಗಿ ಎಂದು ಸನ್ನೆ ಮಾಡಿದರು. ಅಂದು ನಮ್ಮನ್ನು ಕಾಪಾಡಿದ್ದು ಬ್ಯಾಡಗಿಯೋ ಗುಂಟೂರೋ, ನನಗೆ ಗೊತ್ತಿಲ್ಲ.

ಈಗ ಲಾರಿ ಚೆನ್ನಾಗಿ ಓಡುತ್ತಿದೆ. ಆದರೆ ಶಾಮಿಯಾನ ಹೇಳುವವರು ಜನರೇಟರನ್ನೂ ಕೇಳುತ್ತಾರೆ. ನನ್ನಲ್ಲಿ ಇಲ್ಲ, ಪಳನಿಯಮ್ಮನಲ್ಲಿ ಇದೆ. ಮೊನ್ನೆ ಒಂದು ಮದುವೆಗೆ ಅವರಿಂದ ಬಾಡಿಗೆಗೆ ಕೇಳಿದೆ. ಕೊಟ್ಟರು, ಒಂದು ಷರತ್ತಿನ ಮೇಲೆ. "ನನ್ನ ಮಿಷಿನ್ ಜೊತೆ ನಾನೂ ಬರ್ತೀನಿ. ಬೇರೆಯವರ ಕೈಗೆ ಕೊಡಲ್ಲ." ರೇಷ್ಮೆ ಸೀರೆ ಉಟ್ಟು ಬಂದು ಲಾರಿಯ ಮುಂದಿನ ಸೀಟಿನಲ್ಲಿ ಕೂತರು. ಅವರಿಗೆ ಜೊತೆಯಾಗಲಿ ಎಂದು ಸರೋಜ ಪಕ್ಕದಲ್ಲಿ ಕೂತಳು. ಇಬ್ಬರೂ ಯಾವುದೋ ಉಪ್ಪಿನಕಾಯಿಯ ವಿಚಾರದಲ್ಲಿ ಮುಳುಗಿದರು. ನನಗೆ ಜಾಗವಿರಲಿಲ್ಲ. ಹಿಂದೆ ಹತ್ತಿ, ಸುತ್ತಿಟ್ಟ ಶಾಮಿಯಾನದ ಮೇಲೆ, ಜನರೇಟರಿಗೆ ಬೆನ್ನು ಕೊಟ್ಟು, ಹಂಡೆಗಳ ನಡುವೆ ಕಾಲು ತೂರಿಸಿ ಕೂತೆ.

ಸಿಗ್ನಲ್ಲಿನಲ್ಲಿ ಪರಿಚಯದವರೊಬ್ಬರು ಸ್ಕೂಟರ್ ನಿಲ್ಲಿಸಿ ತಲೆಯೆತ್ತಿ ನೋಡಿದರು. "ಏನ್ ರಾಜಣ್ಣ, ಲೋಡು ಎಲ್ಲಿಗೆ?"

ಹಂಡೆಗಳನ್ನು ಒಮ್ಮೆ ನೋಡಿದೆ, ಜನರೇಟರನ್ನು ಒಮ್ಮೆ ನೋಡಿದೆ. "ಗೊತ್ತಿಲ್ಲ ಮಾರಾಯ್ರೆ, ಮುಂದೆ ಕೂತಿರೋರನ್ನ ಕೇಳಿ" ಎಂದೆ.