ಮಗಳ ಬಸ್ಸಿನಲ್ಲಿ ಅಪ್ಪನ ಸೀಟು

ಇಪ್ಪತ್ತೆರಡು ವರ್ಷ ಸೀರೆ ಅಂಗಡಿಯ ಗಾದಿಯ ಮೇಲೆ ಕೂತವನಿಗೆ ಹೆಣ್ಣುಮಕ್ಕಳ ಮನಸ್ಸು ತಿಳಿಯದೇ ಇರುತ್ತದೆಯೇ ಎಂದು ಗಜೇಂದ್ರಗಡದ ಜನ ಅಂದುಕೊಂಡಿದ್ದಾರೆ. ನಾನೂ ಅಂದುಕೊಂಡಿದ್ದೆ. ಯಾವ ಸೀರೆಯ ಸೆರಗನ್ನು ಎರಡನೇ ಸಲ ಮುಟ್ಟುತ್ತಾಳೋ ಅದನ್ನೇ ಒಯ್ಯುತ್ತಾಳೆಂಬುದು ಗಿರಾಕಿಗಿಂತ ಮೊದಲು ನನಗೆ ಗೊತ್ತಾಗುತ್ತದೆ. ಆದರೆ ಹದಿನೆಂಟು ವರ್ಷದ ನನ್ನ ಮಗಳು ಪಲ್ಲವಿ ನಾಲ್ಕು ದಿನ ರೊಟ್ಟಿ ಮುಟ್ಟದೆ, ರೋಣದ ಕಾಲೇಜಿಗೂ ಹೋಗದೆ, ಗೋಡೆಯ ಕಡೆ ಮುಖ ಮಾಡಿ ಮಲಗಿದಾಗ ನನಗೆ ಹೊಳೆದದ್ದು ಒಂದೇ: ಪಿತ್ತ.

ಜೀರಿಗೆ ಕಷಾಯ ಕುಡಿಸಿದೆ. ಅದು ಬಚ್ಚಲಿಗೆ ಹೋಯಿತು. ದವಾಖಾನೆಗೆ ಕರೆದುಕೊಂಡು ಹೋದೆ. ಡಾಕ್ಟರು ನಾಡಿ ನೋಡಿ, ರಕ್ತ ನೋಡಿ, ಕೊನೆಗೆ ನನ್ನ ಮುಖ ನೋಡಿದರು. "ಗುಳಿಗಿ ಬ್ಯಾಡ್ರಿ. ಮಗಳ ಜೋಡಿ ಕುಂತು ಮಾತಾಡ್ರಿ" ಅಂದರು.

ಮನೆಗೆ ಬಂದ ಮೇಲೆ ಹೆಂಡತಿ ಶಕುಂತಲಾ ನನ್ನನ್ನು ಅಡುಗೆಮನೆಗೆ ಕರೆದು ಬಾಗಿಲು ಮುಂದೆ ಮಾಡಿದಳು. "ಪಿತ್ತ ಅಲ್ರಿ. ಜಕ್ಕಲಿ ಊರಿನ ಹುಡುಗನ ಜೋಡಿ ಒಂದು ವರ್ಷದಿಂದ ಪ್ರೀತಿ ಇತ್ತಂತ. ಈಗ ಅಂವ ಬ್ಯಾಡ ಅಂದಾನಂತ."

ಖರೇ ಹೇಳುತ್ತೇನೆ, ಮೊದಲು ಬಂದ ಸಿಟ್ಟು ಮಗಳು ಪ್ರೀತಿ ಮಾಡಿದ್ದಕ್ಕೆ. ಅದು ಇಳಿಯುವುದರೊಳಗೆ ಇನ್ನೊಂದು ಬಂತು: ನನ್ನ ಮಗಳನ್ನು ಬೇಡ ಅನ್ನಲು ಅವನ್ಯಾವನು? ಎರಡು ಸಿಟ್ಟುಗಳೂ ಒಂದಕ್ಕೊಂದು ಹೊಂದಲಿಲ್ಲ. ಆದರೂ ಬೈಯಬಾರದೆಂದು ನಿಶ್ಚಯ ಮಾಡಿ ಮಗಳ ಬಾಜೂಕ ಕುಳಿತೆ. "ನೋಡವಾ, ಒಂದು ಬಣ್ಣ ಒಪ್ಪಲಿಲ್ಲಂದ್ರ ಇನ್ನೊಂದು ಬಣ್ಣ ಇದ್ದ ಇರತೈತಿ" ಅಂದೆ.

ಅವಳು ಈ ಕಡೆ ತಿರುಗಿದಳು. "ಅಪ್ಪಾ, ನಾ ಗಿರಾಕಿ ಅಲ್ಲ."

ಅಷ್ಟಂದು ಅಳತೊಡಗಿದಳು. ನಾನು ಸುಮ್ಮನೆ ಕೂತಿದ್ದೆ. ವ್ಯಾಪಾರಿಗೆ ಸುಮ್ಮನೆ ಕೂಡುವುದು ಎಷ್ಟು ಕಷ್ಟವೆಂದು ವ್ಯಾಪಾರಿಗೇ ಗೊತ್ತು. ಅಳು ಇಳಿದ ಮೇಲೆ, "ಪರೀಕ್ಷಾ ಬರಿಯೂದಿಲ್ಲ. ಅಂವ ಅದ ಬಸ್ಸಿಗೆ ಬರತಾನ" ಅಂದಳು. ನರಗುಂದದಲ್ಲಿ ನನ್ನ ತಂಗಿ ಇದ್ದಾಳೆ, ಅಲ್ಲಿಯ ಕಾಲೇಜಿಗೆ ಸೇರಿಸುತ್ತೇನೆಂದೆ. ಅವಳು ಅವತ್ತು ಅರ್ಧ ರೊಟ್ಟಿ ತಿಂದಳು.

ಮರುದಿನ ಮುಂಜಾನೆ ನೋಡಿದರೆ ಜಡೆ ಹಾಕಿಕೊಂಡು, ಬ್ಯಾಗು ಹಿಡಿದು ನಿಂತಿದ್ದಾಳೆ. "ನರಗುಂದ ಬ್ಯಾಡ ಅಪ್ಪಾ. ಬಸ್ಸು ನಂದೂ ಐತಿ. ಅಂವಗ ಅಂಜಿ ನಾ ಯಾಕ ಬಿಡ್ಲಿ?"

ನಾನೂ ಹೊರಟೆ. ಜಕ್ಕಲಿ ಬರುವವರೆಗೆ ಅವನಿಗೆ ಹೇಳಬೇಕಾದ್ದನ್ನೆಲ್ಲ ಮನಸ್ಸಿನಲ್ಲೇ ಬಾಯಿಪಾಠ ಮಾಡಿಕೊಂಡೆ. ಬಸ್ಸು ನಿಂತಿತು. ಮಗಳ ಕೈ ಬ್ಯಾಗಿನ ಪಟ್ಟಿಯನ್ನು ಬಿಗಿಹಿಡಿದದ್ದು ನೋಡಿ ಇವನೇ ಎಂದು ತಿಳಿದೆ. ನಾನು ಗಡ್ಡ ಬಿಟ್ಟ ಖಳನಾಯಕನನ್ನು ಎದುರು ನೋಡಿದ್ದೆ. ಹತ್ತಿದ್ದು ಮೀಸೆ ಇನ್ನೂ ಸರಿಯಾಗಿ ಮೂಡದ, ಅಂಗಿಯ ಗುಂಡಿ ತಪ್ಪಾಗಿ ಹಾಕಿಕೊಂಡ ಹುಡುಗ. ಅವನ ಕಣ್ಣುಗಳೂ ಬಾತುಕೊಂಡಿದ್ದವು. ನನ್ನನ್ನು ಕಂಡು "ನಮಸ್ಕಾರ್ರಿ" ಅಂದ. ನಾನು ಬಾಯಿಪಾಠವೆಲ್ಲ ಮರೆತು, "ನಮಸ್ಕಾರಪಾ" ಅಂದುಬಿಟ್ಟೆ! ಪಲ್ಲವಿ ನೋಟ್ಸು ತೆಗೆದು ಓದಲು ಕೂತಳು. ರೋಣ ಬರುವವರೆಗೂ ಹಾಳೆ ತಿರುವಲಿಲ್ಲ. ಆದರೆ ತಲೆ ತಗ್ಗಿಸಿ ಅಳಲೂ ಇಲ್ಲ.

ಬಸ್ಸಿನಿಂದ ಇಳಿದ ಮೇಲೆ ಅಂದಳು: "ನಾಳಿ ನೀ ಬರಬ್ಯಾಡ. ನಿನ್ನ ಎದಿ ಡವಡವ ಅನ್ನೂದು ಕೇಳಿ ನನಗ ಓದಾಕ ಆಗ್ಲಿಲ್ಲ."

ಒಮ್ಮೆಲೇ ಎಲ್ಲ ಸರಿಹೋಗಲಿಲ್ಲ. ಎರಡು ದಿನ ನಕ್ಕರೆ ಒಂದು ದಿನ ಅಳುತ್ತಿದ್ದಳು. ಅತ್ತ ದಿನವೂ ಬಸ್ಸು ತಪ್ಪಿಸಲಿಲ್ಲ. ಮುಂದೆ ಪರೀಕ್ಷೆ ಬರೆದಳು, ಪಾಸಾದಳು. ಆ ಮೊದಲ ದಿನಗಳಲ್ಲಿ ನಾನು ಮಾತ್ರ ಅವಳು ಹೇಳಿದ್ದಕ್ಕೆ ಒಪ್ಪಿ, ಬಸ್ಸು ಹತ್ತದೆ, ದಿನಾ ಮುಂಜಾನೆ ಸ್ಟ್ಯಾಂಡಿನ ಚಹಾದಂಗಡಿಯ ಕಂಬದ ಮರೆಯಲ್ಲಿ ನಿಂತು ಬಸ್ಸು ಹೊರಡುವವರೆಗೆ ನೋಡುತ್ತಿದ್ದೆ. ಹೀಗೆ ಹದಿನೈದು ದಿನವಾದ ಮೇಲೆ ಚಹಾದವನು ಕಪ್ಪು ಕೈಗಿಡುತ್ತಾ ಮೆಲ್ಲಗೆ ಕೇಳಿದ: "ಸಾವಕಾರ್ರ, ಪಲ್ಲವಿ ಅಕ್ಕಾರು ಬಸ್ಸಿನ ಕಿಡಕ್ಯಾಗಿಂದ ದಿನಾ ನಿಮ್ಮನ್ನ ನೋಡಿ ನಗತಾರ. ಅವರೇನೋ ಸುಧಾರಿಸ್ಯಾರ. ನೀವು ಯಾವಾಗ್ರಿ?"