ರಾಚಪ್ಪನವರ ಫಲಕವೂ ಶಾವಂತ್ರವ್ವನ ಬಾಯ್ಲರೂ

ಹೊಣೆಗೆ ಮಿತಿಯಿದ್ದು ಜಂಬಕ್ಕೆ ಮಿತಿಯಿಲ್ಲದ ಓ ಯುಗವೇ, ಕಿವಿಗೊಡು! ಪರಧನಪಾಲನಧುರಂಧರನೂ, ಲಿಮಿಟೆಡ್ಡೆಂಬ ವಜ್ರಕವಚವನ್ನು ತೊಟ್ಟವನೂ, ಗದಗಿನ ಮಾರ್ಕೆಟ್ ಓಣಿಯ ಅಭಯಹಸ್ತ ಟ್ರಸ್ಟ್ ಕಂಪನಿ ಲಿಮಿಟೆಡ್ಡಿನ ಒಡೆಯನೂ ಮ್ಯಾನೇಜರನೂ ಆದ ರಾಚಪ್ಪ ಬಳಿಗಾರನ ಸಮರವಿದು.

ಆಯುಧಪೂಜೆಯ ಮಧ್ಯಾಹ್ನ. ತೊಳೆದು, ಕುಂಕುಮವಿಟ್ಟು, ಚೆಂಡುಹೂವಿನ ಮಾಲೆ ತೊಡಿಸಿ ಮರಳಿ ಮೇಲೇರಿಸಿದ್ದ ಕಂಪನಿಯ ನಾಮಫಲಕವು ಉಲ್ಕೆಯಂತೆ ಉರುಳಿ, ಕೆಳಗೆ ಬೀದಿಯಲ್ಲಿ ಚಹಾ ಮಾರುವ ಶಾವಂತ್ರವ್ವನ ಬಾಯ್ಲರನ್ನು ಭೇದಿಸಿತು. ಸಂಜೆ ಹಮಾಲರು ಬರುವಷ್ಟರಲ್ಲಿ ಚಹಾ ಕುದಿಯದಿದ್ದರೆ ಅವರು ಎದುರಿನ ಹೊಸ ಅಂಗಡಿಗೆ ನಡೆಯುವರು. ಅಲ್ಲಿ ರುಚಿ ಕಂಡವರು ಇತ್ತ ತಿರುಗರು. ಇದನ್ನು ಬಲ್ಲ ಶಾವಂತ್ರವ್ವ ಸೆರಗನ್ನು ಸೊಂಟಕ್ಕೆ ಬಿಗಿದು, ಮಾಳಿಗೆಯ ಮೇಲಿನ ಕಂಪನಿಯ ಕಚೇರಿಯೆಂಬ ಶತ್ರುದುರ್ಗದ ಮೆಟ್ಟಿಲೇರಿದಳು.

“ಬಿದ್ದದ್ದು ಕಂಪನಿ ಬೋರ್ಡು,” ಎಂದು ಗರ್ಜಿಸಿದ ರಾಚಪ್ಪ. “ಕಂಪನಿ ಅಂದ್ರ ಬ್ಯಾರೆ ಮನಷ್ಯಾ, ನಾ ಬ್ಯಾರೆ ಮನಷ್ಯಾ. ಅದರ ಲುಕ್ಸಾನ ನನಗ ತಟ್ಟೂದಿಲ್ಲ. ಹಂಗಂತ ಕಾನೂನೈತಿ!”

“ಹಂಗಾರ ಆ ಮನಷ್ಯಾನ್ನ ಕರೀರಿ ಸಾವ್ಕಾರ್ರ. ಅವನ ಜೋಡಿನಽ ಮಾತಾಡ್ತೀನಿ.”

“ಅವಂಗ ಮೈ ಇಲ್ಲವಾ.”

ಶಾವಂತ್ರವ್ವ ಕೆಳಗಿಳಿದು, ಬಿದ್ದ ಫಲಕದ ಹುರಿಯನ್ನು ಎತ್ತಿ ಹಿಡಿದಳು. ಓಣಿಯ ಜನಸ್ತೋಮ ಸುತ್ತ ನೆರೆಯಿತು.

“ನೋಡ್ರಪಾ ಗಂಟು! ಎಮ್ಮಿ ಕಟ್ಟಾಕೂ ಬರಾಂಗಿಲ್ಲ. ಯಾವ ದಡ್ಡ ಕಟ್ಟಿದ್ನೋ!”

ಬಾಣ ಮರ್ಮಕ್ಕೇ ನಾಟಿತು. ಬಡಿಗನಿಗೆ ಕೂಲಿ ಕೊಡಲೊಲ್ಲದೆ ಮುಂಜಾನೆ ತಾನೇ ಏಣಿಯೇರಿದ್ದ ಆ ಮಹಾಬಾಹು, ಎದೆ ತಟ್ಟಿಕೊಂಡು ಬೀದಿಗೆ ಧುಮುಕಿದ.

“ಯಾರಿಗೆ ದಡ್ಡ ಅಂತೀ? ನಾನಽ ಕಟ್ಟೀನಿ! ಈ ಕೈಯಿಂದ! ಕಂಪನಿ ಅಲ್ಲ, ಕಾರಕೂನ ಅಲ್ಲ, ನಾನು!”

ಮಾಳಿಗೆಯ ಕಿಟಕಿಯಿಂದ ಇಣುಕುತ್ತಿದ್ದ, ಅದೇ ಕಂಪನಿಯ ವಕೀಲ ಕಟ್ಟೀಮನಿಯವರು ಹಣೆ ಹಣೆ ಬಡಿದುಕೊಂಡರು.

“ಕೆಟ್ರಿ ಬಳಿಗಾರ್ರ! ಸ್ವಂತ ಕೈಲೆ ಮಾಡಿದ ತಪ್ಪಿಗೆ ಕಂಪನಿ ಅಡ್ಡ ಬರೂದಿಲ್ಲ. ನೀವಽ ಹೊಣಿ. ಹೋಗ್ರಿ, ರಿಪೇರಿ ಮಾಡಿಸಿಕೊಡ್ರಿ.”

ವಜ್ರಕವಚ ಕಳಚಿ ಬಿತ್ತು. ಬಾಯ್ಲರನ್ನು ಕಂಕುಳಲ್ಲಿ ಅವುಚಿಕೊಂಡು ವೀರನು ಬೆಸುಗೆಯವನ ಬಾಗಿಲಿಗೆ ಹೋದರೆ, ಅವನು ಹೂವೇರಿಸಿದ ತನ್ನ ಉಪಕರಣಗಳಿಗೆ ಕೈಮುಗಿದ. “ಇವತ್ತ ಮುಟ್ಟಾಂಗಿಲ್ರಿ ಯಪ್ಪಾ.” ಓಣಿಯಲ್ಲಿ ಆ ದಿನ ಸುತ್ತಿಗೆಯೊಂದೂ ಏಳಲಿಲ್ಲ.

ಕಡೆಗೆ ರಾಚಪ್ಪ ಶಾವಂತ್ರವ್ವನ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಹೊಸ ಧೋತರದ ಅಂಚನ್ನು ಹರಿದು, ಕಟ್ಟಿಗೆಯ ಬೆಣೆಗೆ ಸುತ್ತಿ, ಬಾಯ್ಲರಿನ ಗಾಯಕ್ಕೆ ತುರುಕಿದ.

“ಇನ್ನಷ್ಟು ಒತ್ರಿ, ಸಾವ್ಕಾರ್ರ.”

ಒತ್ತಿದ. ಸೋರುವುದು ನಿಂತಿತು. ಹಮಾಲರು ಎಂದಿನಂತೆ ಬಂದು ಕೂತು ಚಹಾ ಕುಡಿದರು.

ತೂತು ಕಡಲೆಕಾಳಿನಷ್ಟಿತ್ತು.